ಎಸ್ಸೆಸ್ಸೆಲ್ಸಿ ಆಚೀಚೆಯ ವೃತ್ತಿ ಶಿಕ್ಷಣ: ಯಾವ ಬಾಗಿಲು ಎಲ್ಲಿಗೆ ತೆರೆಯುತ್ತದೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಮರುದಿನವೇ ರಾಜ್ಯದ ನಗರ, ಪಟ್ಟಣಗಳ ಪದವಿಪೂರ್ವ ಕಾಲೇಜುಗಳ ಮುಂದೆ ಅರ್ಜಿಗಾಗಿ ಸಾಲು ಬೆಳೆಯುತ್ತದೆ. ವಿಜ್ಞಾನವೋ ವಾಣಿಜ್ಯವೋ ಎಂಬ ಚರ್ಚೆ ಮನೆಮನೆಯಲ್ಲೂ ನಡೆಯುತ್ತದೆ. ಆದರೆ ಅದೇ ವಾರ ಕೈಗಾರಿಕಾ ತರಬೇತಿ ಸಂಸ್ಥೆಯ ಅಥವಾ ಪಾಲಿಟೆಕ್ನಿಕ್ಕಿನ ಬಾಗಿಲಿಗೆ ಬರುವವರಲ್ಲಿ ಬಹುಪಾಲು ಮಂದಿ, ಬೇರೆಲ್ಲೂ ಸೀಟು ಸಿಗದಿದ್ದರೆ ಇರಲಿ ಎಂಬ ಮನೋಭಾವದಿಂದಲೇ ಬರುತ್ತಾರೆ. ವೃತ್ತಿ ಶಿಕ್ಷಣವು ಮೊದಲ ಆಯ್ಕೆಯಾಗದೆ ಕೊನೆಯ ಆಸರೆಯಾಗಿ ಉಳಿದಿರುವುದು ಇಂದು ನಿನ್ನೆಯ ಸಂಗತಿಯಲ್ಲ.

2024ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯನ್ನು ರಾಜ್ಯದಲ್ಲಿ 8.59 ಲಕ್ಷ ವಿದ್ಯಾರ್ಥಿಗಳು ಬರೆದರು. ತೇರ್ಗಡೆಯಾದವರು 6.31 ಲಕ್ಷ, ಅಂದರೆ ಶೇ 73.40. ಉಳಿದ ಎರಡೂಕಾಲು ಲಕ್ಷಕ್ಕೂ ಹೆಚ್ಚು ಮಕ್ಕಳ ಮುಂದೆ ಮರುಪರೀಕ್ಷೆಯ ದಾರಿಯಿತ್ತು. ಅದೂ ಕೈಗೂಡದವರ ಪಾಲಿಗೆ ಉಳಿಯುವುದು ಗ್ಯಾರೇಜು, ಅಂಗಡಿ, ಗಾರೆ ಕೆಲಸ ಮುಂತಾದ ಪ್ರಮಾಣಪತ್ರವಿಲ್ಲದ ದುಡಿಮೆ. ಹದಿನಾರು ವರ್ಷದ ಹುಡುಗನೊಬ್ಬ ಈ ಹಂತದಲ್ಲಿ ಇಡುವ ಹೆಜ್ಜೆಯು ಆತನ ಮುಂದಿನ ನಲವತ್ತು ವರ್ಷಗಳ ಸಂಪಾದನೆಯನ್ನು ನಿರ್ಧರಿಸಬಲ್ಲದು. ಆದ್ದರಿಂದ ಪ್ರೌಢಶಾಲೆಯಲ್ಲಿ ಮತ್ತು ಅದರ ಬೆನ್ನಿಗೇ ದೊರೆಯುವ ವೃತ್ತಿ ಹಾಗೂ ತಾಂತ್ರಿಕ ಶಿಕ್ಷಣದ ವ್ಯವಸ್ಥೆ ಹೇಗಿದೆ, ಎಲ್ಲಿಂದ ಬಂತು, ಎಲ್ಲಿ ಸೋತಿತು, ಇಂದು ಯಾವ ಅವಕಾಶಗಳಿವೆ ಎಂಬುದನ್ನು ತಿಳಿದಿರುವುದು ಪಾಲಕರಿಗೂ ವಿದ್ಯಾರ್ಥಿಗಳಿಗೂ ಅಗತ್ಯ.

ಸಂಸ್ಥಾನ ಕಾಲದ ಬೇರುಗಳು

ಕೈಕಸುಬನ್ನು ಶಾಲೆಯಲ್ಲಿ ಕಲಿಸಬೇಕೆಂಬ ವಿಚಾರ ಹಳೆಯ ಮೈಸೂರಿಗೆ ಹೊಸದಾಗಿರಲಿಲ್ಲ. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ 1913ರಲ್ಲಿ ತನ್ನ ಕಟ್ಟಡದಲ್ಲಿ ಕಾರ್ಯಾರಂಭ ಮಾಡಿತು. ಮರಗೆಲಸ, ಕೆತ್ತನೆ, ಚಿತ್ರಕಲೆ ಮುಂತಾದವುಗಳಿಗೆ ಅಲ್ಲಿ ಕ್ರಮಬದ್ಧ ಶಿಕ್ಷಣ ದೊರೆಯಿತು. 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ವಿಶ್ವವಿದ್ಯಾನಿಲಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಜತೆಗೆ ಕೆಳಹಂತದ ತಾಂತ್ರಿಕ ಶಾಲೆಗಳಿಗೂ ಒತ್ತು ನೀಡಿದರು. ಕಾರ್ಖಾನೆಗೆ ಎಂಜಿನಿಯರ್ ಒಬ್ಬ ಸಾಕಾದರೆ, ಆತನ ಕೈಕೆಳಗೆ ಯಂತ್ರ ನಡೆಸಬಲ್ಲವರು ಹತ್ತಾರು ಮಂದಿ ಬೇಕು ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಇಂದು ಎಸ್‌ಜೆ ಪಾಲಿಟೆಕ್ನಿಕ್ ಎಂದು ಹೆಸರಾಗಿರುವ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಸಂಸ್ಥೆ 1943ರಲ್ಲಿ ಅವರ ಆಸಕ್ತಿಯಿಂದಲೇ ಆರಂಭವಾಯಿತು. ಕರಾವಳಿಯಲ್ಲಿ ಮಂಗಳೂರಿನ ಕರ್ನಾಟಕ ಪಾಲಿಟೆಕ್ನಿಕ್ 1946ರಷ್ಟು ಹಳೆಯದು.

ಸ್ವಾತಂತ್ರ್ಯಾನಂತರ ಬೆಂಗಳೂರಿಗೆ ಐಟಿಐ ದೂರವಾಣಿ ಕಾರ್ಖಾನೆ, ಎಚ್‌ಎಂಟಿ, ಬಿಇಎಲ್ ಮುಂತಾದ ಸಾರ್ವಜನಿಕ ಉದ್ದಿಮೆಗಳು ಬಂದವು. ಎಚ್‌ಎಎಲ್ ಮೊದಲೇ ಇತ್ತು. ಈ ಕಾರ್ಖಾನೆಗಳಲ್ಲಿ ಅಪ್ರೆಂಟಿಸ್ ಆಗಿ ಸೇರಿ, ಕಾಯಂ ನೌಕರನಾಗಿ, ಮಕ್ಕಳನ್ನು ಓದಿಸಿದ ಒಂದು ಇಡೀ ತಲೆಮಾರು ಬೆಂಗಳೂರಿನಲ್ಲಿದೆ. ಆ ದಿನಗಳಲ್ಲಿ ಐಟಿಐ ಪ್ರಮಾಣಪತ್ರವೆಂದರೆ ಮಧ್ಯಮ ವರ್ಗಕ್ಕೆ ಹತ್ತುವ ಏಣಿಯಾಗಿತ್ತು. ಸಾರ್ವಜನಿಕ ಉದ್ದಿಮೆಗಳ ನೇಮಕಾತಿ ಕುಗ್ಗಿ, ಗುತ್ತಿಗೆ ದುಡಿಮೆ ಹೆಚ್ಚಿದಂತೆ ಆ ಏಣಿಯ ಮೆಟ್ಟಿಲುಗಳು ಸಡಿಲವಾದವು.

ಆಯೋಗಗಳು ಹೇಳಿದ್ದೇನು?

ದೇಶದ ಮಟ್ಟದಲ್ಲಿ ಈ ವಿಷಯದ ಬಗ್ಗೆ ವರದಿಗಳಿಗೆ ಕೊರತೆಯಿಲ್ಲ. 1882ರ ಹಂಟರ್ ಆಯೋಗವೇ ಪ್ರೌಢಶಾಲೆಯಲ್ಲಿ ವಿಶ್ವವಿದ್ಯಾನಿಲಯದ ಕಡೆಗೊಂದು, ವ್ಯಾವಹಾರಿಕ ವೃತ್ತಿಗಳ ಕಡೆಗೊಂದು ಎಂದು ಎರಡು ಕವಲುಗಳನ್ನು ಸೂಚಿಸಿತ್ತು. ಗಾಂಧೀಜಿಯವರ 1937ರ ವಾರ್ಧಾ ಯೋಜನೆ ಕೈಕಸುಬಿನ ಮೂಲಕವೇ ಎಲ್ಲ ವಿಷಯಗಳನ್ನು ಕಲಿಸುವ ಮೂಲ ಶಿಕ್ಷಣವನ್ನು ಪ್ರತಿಪಾದಿಸಿತು. 1952-53ರ ಮುದಲಿಯಾರ್ ಆಯೋಗ ಬಹೂದ್ದೇಶ ಪ್ರೌಢಶಾಲೆಗಳನ್ನು ಶಿಫಾರಸು ಮಾಡಿತು. 1964-66ರ ಕೊಠಾರಿ ಆಯೋಗ ಕಾರ್ಯಾನುಭವವನ್ನೂ, ಹತ್ತನೆಯ ತರಗತಿಯ ನಂತರದ ಎರಡು ವರ್ಷಗಳಲ್ಲಿ ವೃತ್ತಿ ಶಿಕ್ಷಣಕ್ಕೆ ದೊಡ್ಡ ಪಾಲನ್ನೂ ಕೋರಿತು.

1986ರ ರಾಷ್ಟ್ರೀಯ ಶಿಕ್ಷಣ ನೀತಿ ಮೊದಲ ಬಾರಿಗೆ ಸ್ಪಷ್ಟ ಗುರಿಯನ್ನಿಟ್ಟಿತು. ಹತ್ತನೆಯ ತರಗತಿಯ ಮೇಲಿನ ವಿದ್ಯಾರ್ಥಿಗಳಲ್ಲಿ ಶೇ 10ರಷ್ಟು ಮಂದಿ 1990ರೊಳಗೆ, ಶೇ 25ರಷ್ಟು ಮಂದಿ 1995ರೊಳಗೆ ವೃತ್ತಿ ಶಿಕ್ಷಣಕ್ಕೆ ಬರಬೇಕೆಂಬುದು ಅದರ ಆಶಯ. 1988ರಲ್ಲಿ ಕೇಂದ್ರ ಪುರಸ್ಕೃತ ಯೋಜನೆಯೂ ಜಾರಿಯಾಯಿತು. ಗುರಿಯ ವರ್ಷವನ್ನು ಮುಂದೂಡಲಾಯಿತಾದರೂ ಸಾಧನೆ ಅದರ ಹತ್ತಿರ ಸುಳಿಯಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಈ ಹಿನ್ನಡೆಯನ್ನು ಒಪ್ಪಿಕೊಂಡಿದೆ. 19ರಿಂದ 24ರ ವಯೋಮಾನದ ದುಡಿಯುವವರಲ್ಲಿ ವಿಧಿವತ್ತಾದ ವೃತ್ತಿ ಶಿಕ್ಷಣ ಪಡೆದವರು ಭಾರತದಲ್ಲಿ ಶೇ 5ಕ್ಕೂ ಕಡಿಮೆ, ಅಮೆರಿಕದಲ್ಲಿ ಶೇ 52, ಜರ್ಮನಿಯಲ್ಲಿ ಶೇ 75, ದಕ್ಷಿಣ ಕೊರಿಯಾದಲ್ಲಿ ಶೇ 96 ಎಂಬ ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅಂದಾಜನ್ನು ಅದು ಉಲ್ಲೇಖಿಸುತ್ತದೆ. 2025ರೊಳಗೆ ಕನಿಷ್ಠ ಅರ್ಧದಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯವಾಗಬೇಕು, 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಬೇಕು ಎಂದು ಆ ನೀತಿ ಹೇಳಿತ್ತು. ಕರ್ನಾಟಕದಲ್ಲಿ 2023ರಲ್ಲಿ ಸರ್ಕಾರ ಬದಲಾದ ಮೇಲೆ ರಾಜ್ಯಕ್ಕೇ ಪ್ರತ್ಯೇಕ ನೀತಿ ರೂಪಿಸಲು ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗ ರಚನೆಯಾಯಿತು. ಅದು 2025ರ ಆಗಸ್ಟ್‌ನಲ್ಲಿ ತನ್ನ ವರದಿಯನ್ನು ಸಲ್ಲಿಸಿತು.

ಜೆಒಸಿ: ಒಂದು ಪ್ರಯೋಗದ ಏಳುಬೀಳು

ವೃತ್ತಿ ಶಿಕ್ಷಣದ ವಿಚಾರದಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವಲ್ಲ. 1977-78ರಲ್ಲೇ ಪದವಿಪೂರ್ವ ಹಂತದಲ್ಲಿ ಉದ್ಯೋಗಾಧಾರಿತ ಕೋರ್ಸುಗಳನ್ನು ಆರಂಭಿಸಿದ ಮೊದಲ ಕೆಲವು ರಾಜ್ಯಗಳಲ್ಲಿ ಅದೂ ಒಂದು. ಜನರ ಬಾಯಲ್ಲಿ ಇವು ಜೆಒಸಿ ಎಂದೇ ಪ್ರಸಿದ್ಧ. ರೇಷ್ಮೆ ಕೃಷಿ, ಹೈನುಗಾರಿಕೆ, ವಿದ್ಯುತ್ ಉಪಕರಣ ದುರಸ್ತಿ, ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನ, ಗಣಕ ವಿಜ್ಞಾನ ಮುಂತಾದ ವಿಷಯಗಳನ್ನು ಎರಡು ವರ್ಷ ಕಲಿಸಲಾಗುತ್ತಿತ್ತು. ಜಿಲ್ಲೆಯ ಆರ್ಥಿಕತೆಗೆ ತಕ್ಕ ಕೋರ್ಸು ಅದೇ ಜಿಲ್ಲೆಯಲ್ಲಿ ದೊರೆಯಬೇಕೆಂಬುದು ಮೂಲ ಉದ್ದೇಶವಾಗಿತ್ತು.

ಉದ್ದೇಶ ಉತ್ತಮವಾಗಿದ್ದರೂ ನಡೆ ಕುಂಟಿತು. ಬಹುತೇಕ ಬೋಧಕರು ಅರೆಕಾಲಿಕರು, ಗೌರವಧನ ಅಲ್ಪ. ಪ್ರಯೋಗಾಲಯದ ಸಲಕರಣೆಗಳು ಒಮ್ಮೆ ಬಂದರೆ ಮತ್ತೆ ನವೀಕರಣವಾಗುತ್ತಿರಲಿಲ್ಲ. ಕೋರ್ಸು ಮುಗಿಸಿದವರಿಗೆ ಉದ್ಯೋಗದಾತರ ಬಳಿ ಐಟಿಐ ಪ್ರಮಾಣಪತ್ರದಷ್ಟು ಮನ್ನಣೆಯಿರಲಿಲ್ಲ, ಕಾಲೇಜುಗಳ ಬಳಿ ಪಿಯುಸಿಯಷ್ಟು ಬೆಲೆಯಿರಲಿಲ್ಲ. ಎರಡೂ ಕಡೆ ಸಲ್ಲದ ಸ್ಥಿತಿಯೇ ಈ ಪ್ರಯೋಗಕ್ಕೆ ಮುಳುವಾಯಿತು. ವಿದ್ಯಾರ್ಥಿಗಳ ಸಂಖ್ಯೆ ಇಳಿಮುಖವಾಗಿ 2010ರ ಆಸುಪಾಸಿನಲ್ಲಿ ಕೋರ್ಸುಗಳು ಸ್ಥಗಿತಗೊಂಡವು. ಬೋಧಕರನ್ನು ಬೇರೆಡೆ ವಿಲೀನಗೊಳಿಸುವ ಹೋರಾಟ ಅನಂತರವೂ ಮುಂದುವರಿಯಿತು. ಮುಂದಿನ ಯಾವುದೇ ಯೋಜನೆಗೆ ಜೆಒಸಿ ಬಿಟ್ಟುಹೋದ ಪಾಠ ಇಷ್ಟೇ: ಕಲಿಸುವವನ ನೌಕರಿಯೇ ಭದ್ರವಿಲ್ಲದಿದ್ದರೆ, ಕಲಿತವನ ಪ್ರಮಾಣಪತ್ರಕ್ಕೆ ಮುಂದಿನ ಮೆಟ್ಟಿಲಿಲ್ಲದಿದ್ದರೆ ಒಳ್ಳೆಯ ಪಠ್ಯಕ್ರಮವೂ ಉಳಿಯುವುದಿಲ್ಲ.

ಪ್ರೌಢಶಾಲೆಯೊಳಗೇ ವೃತ್ತಿ ವಿಷಯ

ಇಂದು ಪ್ರೌಢಶಾಲಾ ಹಂತದಲ್ಲಿರುವ ವ್ಯವಸ್ಥೆ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನಡಿ ನಡೆಯುತ್ತದೆ. ಶಾಲೆಗಳಲ್ಲಿ ಇದನ್ನು ಎನ್‌ಎಸ್‌ಕ್ಯೂಎಫ್ ಎಂದೇ ಕರೆಯುತ್ತಾರೆ. ಕೇಂದ್ರ ಸರ್ಕಾರ ಇದನ್ನು 2013ರ ಡಿಸೆಂಬರ್ 27ರಂದು ಅಧಿಸೂಚಿಸಿತು. ಪ್ರತಿಯೊಂದು ಕೌಶಲವನ್ನೂ ಹಂತಗಳಾಗಿ ವಿಂಗಡಿಸಿ, ಯಾವ ಹಂತದಲ್ಲಿ ಏನು ಮಾಡಬಲ್ಲವನಾಗಿರಬೇಕು ಎಂದು ನಿಗದಿಪಡಿಸುವುದು ಇದರ ತಿರುಳು. ಆರಂಭದಲ್ಲಿ ಹತ್ತು ಹಂತಗಳಿದ್ದವು. 9ನೆಯ ತರಗತಿಗೆ ಮೊದಲ ಹಂತ, 10ಕ್ಕೆ ಎರಡನೆಯದು, ಪಿಯುಸಿಯ ಎರಡು ವರ್ಷಗಳಿಗೆ ಮೂರು ಮತ್ತು ನಾಲ್ಕನೆಯ ಹಂತ ಎಂಬ ಹೊಂದಾಣಿಕೆಯಿತ್ತು. 2023ರ ಪರಿಷ್ಕರಣೆಯಲ್ಲಿ ಹಂತಗಳ ಸಂಖ್ಯೆ ಎಂಟಕ್ಕೆ ಇಳಿಯಿತು.

ಕರ್ನಾಟಕದಲ್ಲಿ ಆಯ್ದ ಸರ್ಕಾರಿ ಶಾಲೆಗಳಲ್ಲಿ ಈ ವಿಷಯಗಳಿವೆ. ಮಾಹಿತಿ ತಂತ್ರಜ್ಞಾನ, ರೀಟೇಲ್, ಆಟೊಮೊಬೈಲ್, ಆರೋಗ್ಯ ಸೇವೆ, ಸೌಂದರ್ಯ ಮತ್ತು ಸ್ವಾಸ್ಥ್ಯ ಇವು ಮೊದಲಿನಿಂದ ಬಂದವು. ಎಸ್ಸೆಸ್ಸೆಲ್ಸಿಯಲ್ಲಿ ತೃತೀಯ ಭಾಷೆಯ ಸ್ಥಾನದಲ್ಲಿ ವೃತ್ತಿ ವಿಷಯವನ್ನು ತೆಗೆದುಕೊಳ್ಳುವ ಏರ್ಪಾಡು ಬೆಳೆದುಬಂದಿದೆ. ಹೀಗಾಗಿ ವಿದ್ಯಾರ್ಥಿಗೆ ಹೆಚ್ಚುವರಿ ಹೊರೆ ಬೀಳುವುದಿಲ್ಲ. ಲಿಖಿತ ಪರೀಕ್ಷೆಯ ಜತೆಗೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಪಠ್ಯವನ್ನು ಭೋಪಾಲದ ಕೇಂದ್ರೀಯ ವೃತ್ತಿ ಶಿಕ್ಷಣ ಸಂಸ್ಥೆ ರೂಪಿಸುತ್ತದೆ. ಎನ್‌ಸಿಇಆರ್‌ಟಿಗೆ ಸೇರಿದ ಈ ಸಂಸ್ಥೆ 1993ರಲ್ಲಿ ಸ್ಥಾಪನೆಯಾಯಿತು. ವೃತ್ತಿಯ ವಿಷಯದ ಜತೆಗೆ ಸಂವಹನ, ಸ್ವನಿರ್ವಹಣೆ, ಗಣಕ ಬಳಕೆ, ಉದ್ಯಮಶೀಲತೆ, ಪರಿಸರಸ್ನೇಹಿ ಕೌಶಲ ಎಂಬ ಐದು ಉದ್ಯೋಗಾರ್ಹತಾ ಘಟಕಗಳೂ ಪಠ್ಯದಲ್ಲಿವೆ.

ವೆಚ್ಚವು ಸಮಗ್ರ ಶಿಕ್ಷಣ ಯೋಜನೆಯಡಿ ಕೇಂದ್ರ ಮತ್ತು ರಾಜ್ಯದ ನಡುವೆ 60:40ರ ಪ್ರಮಾಣದಲ್ಲಿ ಹಂಚಿಕೆಯಾಗುತ್ತದೆ. ತರಬೇತುದಾರರನ್ನು ಸಾಮಾನ್ಯವಾಗಿ ಹೊರಗುತ್ತಿಗೆಯ ತರಬೇತಿ ಸಂಸ್ಥೆಗಳ ಮೂಲಕ ಒದಗಿಸಲಾಗುತ್ತದೆ. ಜೆಒಸಿಯನ್ನು ಕಾಡಿದ ಬೋಧಕರ ಅಭದ್ರತೆ ಇಲ್ಲಿಯೂ ಬೇರೆ ರೂಪದಲ್ಲಿ ಮುಂದುವರಿದಿದೆ ಎಂಬುದು ಗಮನಿಸಬೇಕಾದ ಅಂಶ. ಶಾಲೆಯಲ್ಲಿ ಆಟೊಮೊಬೈಲ್ ಓದಿದ ಹುಡುಗನಿಗೆ ಪಿಯುಸಿಯಲ್ಲಿ ಅದೇ ವಿಷಯ ತನ್ನ ತಾಲ್ಲೂಕಿನಲ್ಲಿ ಸಿಗದಿದ್ದರೆ ಕಲಿಕೆಯ ಸರಪಳಿ ಅಲ್ಲಿಗೇ ಕಡಿಯುತ್ತದೆ. ಹೀಗಾಗಿ ಪ್ರೌಢಶಾಲೆಯ ಈ ವಿಷಯವನ್ನು ಪೂರ್ಣ ತರಬೇತಿಯೆಂದು ಭಾವಿಸದೆ, ವೃತ್ತಿಯ ಪರಿಚಯವೆಂದು ತಿಳಿಯುವುದೇ ಲೇಸು. ಇದಲ್ಲದೆ ಕಿರಿಯ ತಾಂತ್ರಿಕ ಶಾಲೆಗಳೂ ರಾಜ್ಯದಲ್ಲಿ ಹಿಂದಿನಿಂದ ಇವೆ. ಎಂಜಿನಿಯರಿಂಗ್ ಗ್ರಾಫಿಕ್ಸ್, ವಿದ್ಯುತ್ ಮತ್ತು ಯಂತ್ರಶಾಸ್ತ್ರದ ಮೂಲಾಂಶಗಳು ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು ಈ ಶಾಲೆಗಳಿಂದಾಗಿ.

ಸಿಬಿಎಸ್‌ಇ ಶಾಲೆಗಳಲ್ಲಿ 9 ಮತ್ತು 10ನೆಯ ತರಗತಿಗೆ ಕೌಶಲ ವಿಷಯವನ್ನು ಆರನೆಯ ಐಚ್ಛಿಕ ವಿಷಯವಾಗಿ ಆಯ್ದುಕೊಳ್ಳುವ ಅವಕಾಶ ಬಂದಿದೆ. ಗಣಿತ, ವಿಜ್ಞಾನ ಅಥವಾ ಸಮಾಜ ವಿಜ್ಞಾನದಲ್ಲಿ ಒಂದರಲ್ಲಿ ಅನುತ್ತೀರ್ಣನಾದ ವಿದ್ಯಾರ್ಥಿಗೆ, ಕೌಶಲ ವಿಷಯದಲ್ಲಿ ತೇರ್ಗಡೆಯಾಗಿದ್ದರೆ ಅದನ್ನು ಬದಲಿಯಾಗಿ ಪರಿಗಣಿಸುವ ನಿಯಮವೂ ಜಾರಿಗೆ ಬಂತು.

ಐಟಿಐ: ಅರದಿಂದ ಆರಂಭ

ಕೈಗಾರಿಕಾ ತರಬೇತಿ ಸಂಸ್ಥೆಗಳಿಗೆ ಆಧಾರವಾದ ಕುಶಲಕರ್ಮಿ ತರಬೇತಿ ಯೋಜನೆಯನ್ನು ಭಾರತ ಸರ್ಕಾರ 1950ರಲ್ಲಿ ಆರಂಭಿಸಿತು. ರಾಜ್ಯದಲ್ಲಿ ಸರ್ಕಾರಿ, ಅನುದಾನಿತ ಮತ್ತು ಖಾಸಗಿ ಸೇರಿ ಸಾವಿರಕ್ಕೂ ಹೆಚ್ಚು ಐಟಿಐಗಳಿವೆ. ಪ್ರವೇಶಕ್ಕೆ ಕನಿಷ್ಠ ವಯಸ್ಸು 14. ಫಿಟ್ಟರ್, ಎಲೆಕ್ಟ್ರಿಷಿಯನ್, ಟರ್ನರ್, ಮೆಷಿನಿಸ್ಟ್, ಮೋಟಾರು ವಾಹನ ಮೆಕ್ಯಾನಿಕ್ ಇವು ಎರಡು ವರ್ಷದ ವೃತ್ತಿಗಳು. ವೆಲ್ಡರ್, ಗಣಕ ನಿರ್ವಾಹಕ ಇತ್ಯಾದಿ ಒಂದು ವರ್ಷದವು. ಎಲೆಕ್ಟ್ರಿಷಿಯನ್‌ನಂತಹ ವೃತ್ತಿಗೆ ವಿಜ್ಞಾನ, ಗಣಿತ ಸಹಿತ ಹತ್ತನೆಯ ತರಗತಿ ತೇರ್ಗಡೆಯಾಗಿರಬೇಕು. ವೆಲ್ಡರ್‌ನಂತಹ ಕೆಲವಕ್ಕೆ ಎಂಟನೆಯ ತರಗತಿ ಸಾಕು. ಎಸ್ಸೆಸ್ಸೆಲ್ಸಿಯಲ್ಲಿ ಎಡವಿದವರಿಗೂ ವಿಧಿವತ್ತಾದ ತರಬೇತಿಯ ಬಾಗಿಲು ಪೂರ್ತಿ ಮುಚ್ಚಿಲ್ಲ ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

2022ರ ಪರಿಷ್ಕೃತ ಪಠ್ಯಕ್ರಮದಂತೆ ಒಂದು ವರ್ಷದ ತರಬೇತಿ 1,200 ಗಂಟೆಗಳದು. ಫಿಟ್ಟರ್ ವೃತ್ತಿಯ ಮೊದಲ ವರ್ಷವನ್ನೇ ನೋಡಿದರೆ ಅದರಲ್ಲಿ 840 ಗಂಟೆ ಕಾರ್ಯಾಗಾರದ ಕೆಲಸ, 240 ಗಂಟೆ ವೃತ್ತಿ ಸಿದ್ಧಾಂತ, 120 ಗಂಟೆ ಉದ್ಯೋಗಾರ್ಹತಾ ಕೌಶಲ. ಫಿಟ್ಟರ್ ವಿದ್ಯಾರ್ಥಿಯ ಮೊದಲ ವಾರಗಳು ಅರ ಹಿಡಿದು ಉಕ್ಕಿನ ಪಟ್ಟಿಯನ್ನು ಸಮತಟ್ಟಾಗಿ ಉಜ್ಜುವುದರಲ್ಲೇ ಕಳೆಯುತ್ತವೆ. ಗುರುತು ಹಾಕುವುದು, ಗರಗಸದಿಂದ ಕೊಯ್ಯುವುದು, ರಂಧ್ರ ಕೊರೆಯುವುದು ಅನಂತರ. 0.02 ಮಿಲಿಮೀಟರ್‌ವರೆಗೆ ಅಳೆಯುವ ವರ್ನಿಯರ್, 0.01 ಮಿಲಿಮೀಟರ್‌ವರೆಗೆ ಅಳೆಯುವ ಮೈಕ್ರೊಮೀಟರ್ ಕೈಗೆ ಬರುತ್ತವೆ. ಒಂದರೊಳಗೊಂದು ಸಂದಿಲ್ಲದಂತೆ ಕೂರುವ ಎರಡು ತುಂಡುಗಳನ್ನು ಕೈಯಿಂದಲೇ ತಯಾರಿಸಬಲ್ಲವನೇ ಮುಂದೆ ಯಂತ್ರದ ಲೋಪವನ್ನು ಬೆರಳ ತುದಿಯಲ್ಲಿ ಗುರುತಿಸಬಲ್ಲ. ಈ ಶಿಸ್ತನ್ನು ಬೇಸರದ ಕೆಲಸವೆಂದು ಮಧ್ಯದಲ್ಲಿ ಬಿಟ್ಟುಹೋಗುವವರೂ ಇದ್ದಾರೆ.

ಕೊನೆಯಲ್ಲಿ ಅಖಿಲ ಭಾರತ ವೃತ್ತಿ ಪರೀಕ್ಷೆ ನಡೆಯುತ್ತದೆ. ತೇರ್ಗಡೆಯಾದವರಿಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ದೊರೆಯುತ್ತದೆ. ಐಟಿಐಗಳ ಯಂತ್ರೋಪಕರಣ ಹಳತಾಗಿದೆ ಎಂಬ ದೂರಿಗೆ ಉತ್ತರವಾಗಿ ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ 150 ಸರ್ಕಾರಿ ಐಟಿಐಗಳನ್ನು ಸುಮಾರು 4,700 ಕೋಟಿ ರೂಪಾಯಿ ವೆಚ್ಚದಲ್ಲಿ ತಂತ್ರಜ್ಞಾನ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಿತು. ಇವುಗಳನ್ನು 2022ರ ಜೂನ್‌ನಲ್ಲಿ ಪ್ರಧಾನಿ ಬೆಂಗಳೂರಿನಲ್ಲಿ ಲೋಕಾರ್ಪಣೆ ಮಾಡಿದರು. ರೋಬಾಟ್, ಗಣಕ ನಿಯಂತ್ರಿತ ಯಂತ್ರ, ವಿದ್ಯುತ್ ವಾಹನ ಮುಂತಾದ ಹೊಸ ವಿಷಯಗಳು ಇವುಗಳ ಮೂಲಕ ಒಳಬಂದಿವೆ. ಯಂತ್ರ ಬಂದ ಮೇಲೆ ಅದನ್ನು ಕಲಿಸಬಲ್ಲ ಬೋಧಕರು, ಕಚ್ಚಾ ಸಾಮಗ್ರಿ ಮತ್ತು ನಿರ್ವಹಣೆಯ ಹಣ ನಿರಂತರವಾಗಿ ದೊರೆತರೆ ಮಾತ್ರ ಈ ಹೂಡಿಕೆ ಸಾರ್ಥಕ.

ಪಾಲಿಟೆಕ್ನಿಕ್ ಮತ್ತು ಟೂಲ್ ರೂಮ್

ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷದ ಡಿಪ್ಲೊಮಾ ಇನ್ನೊಂದು ಹೆದ್ದಾರಿ. ತಾಂತ್ರಿಕ ಶಿಕ್ಷಣ ಇಲಾಖೆಯ ಅಧೀನದಲ್ಲಿ ಸರ್ಕಾರಿ, ಅನುದಾನಿತ ಮತ್ತು ಖಾಸಗಿ ಪಾಲಿಟೆಕ್ನಿಕ್‌ಗಳಿವೆ. ಎಸ್ಸೆಸ್ಸೆಲ್ಸಿ ಅಂಕಗಳ ಆಧಾರದ ಮೇಲೆ ಪ್ರವೇಶ ನಡೆಯುತ್ತದೆ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಗಣಕ ವಿಜ್ಞಾನ ಮುಖ್ಯ ವಿಭಾಗಗಳು. ಡಿಪ್ಲೊಮಾದ ದೊಡ್ಡ ಅನುಕೂಲವೆಂದರೆ ಅದು ಎರಡೂ ಕಡೆ ತೆರೆದುಕೊಳ್ಳುತ್ತದೆ. ಬೇಕೆಂದವರು ನೌಕರಿಗೆ ಹೋಗಬಹುದು. ಓದು ಮುಂದುವರಿಸಬೇಕೆಂದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೆಯ ವರ್ಷಕ್ಕೆ ಸೇರಬಹುದು. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಪ್ರವೇಶವಿದೆ. ಅಂದರೆ ಎಸ್ಸೆಸ್ಸೆಲ್ಸಿಯಿಂದ ಐಟಿಐ, ಅಲ್ಲಿಂದ ಡಿಪ್ಲೊಮಾ, ಅಲ್ಲಿಂದ ಬಿಇ ಎಂಬ ಪೂರ್ಣ ಮೆಟ್ಟಿಲುಸಾಲು ಅಸ್ತಿತ್ವದಲ್ಲಿದೆ. ಹೀಗೆ ಬಂದವರಿಗೆ ಬಿಇ ಗಣಿತ ಕಷ್ಟವೆನಿಸುವುದುಂಟು. ಆದರೆ ಕಾರ್ಯಾಗಾರದಲ್ಲಿ ಅವರು ಸಹಪಾಠಿಗಳಿಗಿಂತ ಮುಂದಿರುತ್ತಾರೆ.

ಬೆಂಗಳೂರಿನ ರಾಜಾಜಿನಗರದಲ್ಲಿ 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನೊಂದಿಗೆ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಇಂದು ರಾಜ್ಯದ ಹಲವು ಊರುಗಳಲ್ಲಿ ಶಾಖೆಗಳನ್ನು ಹೊಂದಿದೆ. ಅಚ್ಚು ಮತ್ತು ಉಪಕರಣ ತಯಾರಿಕೆಯ ಡಿಪ್ಲೊಮಾ ಇಲ್ಲಿನ ಪ್ರಸಿದ್ಧ ಕೋರ್ಸು. ಮೂರು ವರ್ಷದ ಕಲಿಕೆಯ ನಂತರ ಒಂದು ವರ್ಷ ಉದ್ದಿಮೆಯಲ್ಲಿ ತರಬೇತಿ ಕಡ್ಡಾಯ. ಕೇಂದ್ರವೇ ಉದ್ದಿಮೆಗಳಿಗೆ ಅಚ್ಚುಗಳನ್ನು ತಯಾರಿಸಿಕೊಡುವುದರಿಂದ ವಿದ್ಯಾರ್ಥಿಗಳು ನೈಜ ಕೆಲಸದ ನಡುವೆಯೇ ಕಲಿಯುತ್ತಾರೆ. ಕೇರಳದ ತಲಶ್ಶೇರಿ ಬಳಿಯ ನೆಟ್ಟೂರಿನಲ್ಲಿ 1959ರಲ್ಲಿ ಸ್ವಿಸ್ ನೆರವಿನಿಂದ ಹುಟ್ಟಿದ ಎನ್‌ಟಿಟಿಎಫ್ ಕೂಡ ಬೆಂಗಳೂರಿನಲ್ಲಿ ನೆಲೆಯೂರಿ ಇದೇ ಬಗೆಯ ಹೆಸರು ಪಡೆದಿದೆ.

ಉದ್ದಿಮೆಗಳೇ ನಡೆಸುವ ಶಾಲೆಗಳ ಪೈಕಿ ಬಿಡದಿಯ ಟೊಯೋಟ ತಾಂತ್ರಿಕ ತರಬೇತಿ ಸಂಸ್ಥೆ ಗಮನಾರ್ಹ. 2007ರಲ್ಲಿ ಆರಂಭವಾದ ಈ ಸಂಸ್ಥೆ, ಆರ್ಥಿಕವಾಗಿ ಹಿಂದುಳಿದ ಗ್ರಾಮೀಣ ಕುಟುಂಬಗಳ ಮಕ್ಕಳಿಗೆ ಹತ್ತನೆಯ ತರಗತಿಯ ನಂತರ ಮೂರು ವರ್ಷದ ವಸತಿಸಹಿತ ತರಬೇತಿ ನೀಡುತ್ತಾ ಬಂದಿದೆ. ಇಂಥ ಸಂಸ್ಥೆಗಳಲ್ಲಿ ಸೀಟುಗಳು ಕಡಿಮೆ, ಪೈಪೋಟಿ ಹೆಚ್ಚು. ಪ್ರವೇಶ ಪ್ರಕ್ರಿಯೆಯೂ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಮೊದಲೇ ಆರಂಭವಾಗಬಹುದಾದ್ದರಿಂದ ಹತ್ತನೆಯ ತರಗತಿಯಲ್ಲಿರುವಾಗಲೇ ವಿಚಾರಿಸುವುದು ಒಳಿತು.

ಕಲಿಯುತ್ತಾ ಗಳಿಕೆ

ಐಟಿಐ ಅಥವಾ ಡಿಪ್ಲೊಮಾ ಮುಗಿಸಿದವರಿಗೆ ಕಾರ್ಖಾನೆಯ ಮೊದಲ ಮೆಟ್ಟಿಲು ಅಪ್ರೆಂಟಿಸ್ ತರಬೇತಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಇದು ನಡೆಯುತ್ತದೆ. 2019ರ ತಿದ್ದುಪಡಿ ನಿಯಮಗಳಂತೆ 30 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯವಾಯಿತು. ಅದೇ ನಿಯಮಗಳು ಕನಿಷ್ಠ ಮಾಸಿಕ ಕಲಿಕಾ ವೇತನವನ್ನು ಐಟಿಐ ಆದವರಿಗೆ 7,000, ಡಿಪ್ಲೊಮಾ ಆದವರಿಗೆ 8,000, ಪದವೀಧರರಿಗೆ 9,000 ರೂಪಾಯಿ ಎಂದು ನಿಗದಿಪಡಿಸಿದವು. ತರಬೇತಿ ಮುಗಿಸಿ ಪರೀಕ್ಷೆ ಪಾಸಾದವರಿಗೆ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ದೊರೆಯುತ್ತದೆ. ರೈಲ್ವೆ ಹಾಗೂ ಸಾರ್ವಜನಿಕ ಉದ್ದಿಮೆಗಳ ನೇಮಕಾತಿಯಲ್ಲಿ ಇದಕ್ಕೆ ಬೆಲೆಯಿದೆ.

ಅಪ್ರೆಂಟಿಸ್ ಅವಧಿ ಮುಗಿದ ಕೂಡಲೇ ಅದೇ ಕಾರ್ಖಾನೆಯಲ್ಲಿ ಕಾಯಂ ನೌಕರಿ ಸಿಗುತ್ತದೆಂಬ ಖಾತರಿ ಕಾನೂನಿನಲ್ಲಿಲ್ಲ. ಕೆಲವೆಡೆ ಅಪ್ರೆಂಟಿಸ್‌ಗಳನ್ನು ಅಗ್ಗದ ದುಡಿಮೆಗಾರರಂತೆ ಬಳಸಿ, ಅವಧಿ ಮುಗಿಯುತ್ತಲೇ ಹೊಸ ತಂಡವನ್ನು ತರುವ ಪರಿಪಾಠದ ಬಗ್ಗೆ ಕಾರ್ಮಿಕ ಸಂಘಟನೆಗಳ ಆಕ್ಷೇಪವಿದೆ. ಆದ್ದರಿಂದ ತರಬೇತಿಯ ಅವಧಿ, ಕಲಿಸುವ ಕೆಲಸದ ಸ್ವರೂಪ, ಕಲಿಕಾ ವೇತನ ಇವು ನೋಂದಾಯಿತ ಒಪ್ಪಂದದಲ್ಲಿವೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು.

ತತ್ಸಮಾನದ ತೊಡಕು

ವೃತ್ತಿ ಶಿಕ್ಷಣ ಪಡೆದವರನ್ನು ಹೆಚ್ಚು ಕಾಡುವ ಪ್ರಶ್ನೆ ಪಿಯುಸಿಯೊಂದಿಗಿನ ಸಮಾನತೆಯದು. ರಾಜ್ಯದ ಹಲವು ನೇಮಕಾತಿ ಅಧಿಸೂಚನೆಗಳಲ್ಲಿ ಪಿಯುಸಿಗೆ ತತ್ಸಮಾನವೆಂದು ಮೂರು ವರ್ಷದ ಡಿಪ್ಲೊಮಾ, ಎರಡು ವರ್ಷದ ಐಟಿಐ ಮತ್ತು ಜೆಒಸಿಗಳನ್ನು ಷರತ್ತುಗಳೊಂದಿಗೆ ಪರಿಗಣಿಸಲಾಗಿದೆ. ಇನ್ನು ಕೆಲವು ಹುದ್ದೆಗಳಿಗೆ ಇವು ಸಲ್ಲುವುದಿಲ್ಲವೆಂದೇ ನಮೂದಿಸಲಾಗಿದೆ. ಒಂದೇ ಪ್ರಮಾಣಪತ್ರ ಒಂದು ಹುದ್ದೆಗೆ ಸಂದು ಇನ್ನೊಂದಕ್ಕೆ ಸಲ್ಲದ ಈ ಸ್ಥಿತಿಯಿಂದ ದಾಖಲೆ ಪರಿಶೀಲನೆಯ ಹಂತದಲ್ಲಿ ಅವಕಾಶ ಕಳೆದುಕೊಳ್ಳುವವರಿದ್ದಾರೆ. ಅರ್ಜಿ ಹಾಕುವ ಮುನ್ನ ಆಯಾ ಅಧಿಸೂಚನೆಯ ವಿದ್ಯಾರ್ಹತೆಯ ಕಲಮನ್ನು ಪೂರ್ತಿ ಓದುವುದೊಂದೇ ಇದಕ್ಕೆ ತಕ್ಷಣದ ಪರಿಹಾರ.

ಇನ್ನೊಂದು ದಾರಿಯೂ ಇದೆ. 2016ರಲ್ಲಿ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಮತ್ತು ಕೇಂದ್ರ ಕೌಶಲಾಭಿವೃದ್ಧಿ ಸಚಿವಾಲಯದ ನಡುವೆ ಆದ ಒಡಂಬಡಿಕೆಯಂತೆ, ಐಟಿಐ ಮುಗಿಸಿದವರು ಭಾಷೆ ಸೇರಿದಂತೆ ನಿಗದಿತ ವಿಷಯಗಳನ್ನು ಬರೆದು, ಐಟಿಐ ಕಲಿಕೆಯ ಅಂಕಗಳನ್ನು ವರ್ಗಾಯಿಸಿಕೊಂಡು ಹತ್ತು ಅಥವಾ ಹನ್ನೆರಡನೆಯ ತರಗತಿಯ ಪ್ರಮಾಣಪತ್ರ ಪಡೆಯಲು ಅವಕಾಶ ಕಲ್ಪಿಸಲಾಯಿತು.

ಹೆಣ್ಣುಮಕ್ಕಳ ಪಾಲು

ಮಹಿಳಾ ಐಟಿಐ ಮತ್ತು ಮಹಿಳಾ ಪಾಲಿಟೆಕ್ನಿಕ್‌ಗಳು ರಾಜ್ಯದಲ್ಲಿ ಹಲವು ದಶಕಗಳಿಂದ ಇವೆ. ಆದರೂ ಹೆಣ್ಣುಮಕ್ಕಳು ಹೊಲಿಗೆ, ಸೌಂದರ್ಯ ಸೇವೆ, ಗಣಕ ನಿರ್ವಹಣೆಯಂತಹ ಕೆಲವೇ ವಿಷಯಗಳಿಗೆ ಸೀಮಿತರಾಗುವುದು ಸಾಮಾನ್ಯ. ಫಿಟ್ಟರ್, ಟರ್ನರ್ ವಿಭಾಗಗಳಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟು. ಇತ್ತ ಕೋಲಾರ ಜಿಲ್ಲೆಯ ನರಸಾಪುರ, ಬೆಂಗಳೂರು ಗ್ರಾಮಾಂತರದ ದೇವನಹಳ್ಳಿ ಭಾಗಗಳಲ್ಲಿ ಮೊಬೈಲ್ ಫೋನ್ ಜೋಡಣೆಯ ಬೃಹತ್ ಘಟಕಗಳು ಬಂದ ಮೇಲೆ ಎಸ್ಸೆಸ್ಸೆಲ್ಸಿ, ಪಿಯುಸಿ, ಐಟಿಐ ಆದ ಯುವತಿಯರಿಗೆ ಬೇಡಿಕೆ ಹೆಚ್ಚಿದೆ. ಜೋಡಣೆಯ ಸಾಲಿನಲ್ಲಿ ನಿಲ್ಲುವ ಕೆಲಸದಿಂದ ಯಂತ್ರದ ಉಸ್ತುವಾರಿಯ ಕೆಲಸಕ್ಕೆ ಏರಲು ಮಾತ್ರ ತಾಂತ್ರಿಕ ಪ್ರಮಾಣಪತ್ರ ಬೇಕು. ತಾಲ್ಲೂಕು ಕೇಂದ್ರದಲ್ಲಿ ಸುರಕ್ಷಿತ ವಿದ್ಯಾರ್ಥಿನಿಲಯ ಮತ್ತು ಹೊತ್ತಿಗೆ ಸರಿಯಾದ ಬಸ್ಸು ಇವೆರಡು ಸೌಕರ್ಯಗಳು ಎಷ್ಟೋ ಹುಡುಗಿಯರ ವೃತ್ತಿ ಆಯ್ಕೆಯನ್ನು ಪಠ್ಯಕ್ರಮಕ್ಕಿಂತ ಹೆಚ್ಚಾಗಿ ನಿರ್ಧರಿಸುತ್ತವೆ.

ಸೇರುವ ಮುನ್ನ ವಿಚಾರಿಸಬೇಕಾದ್ದು

ಆಕರ್ಷಕ ಜಾಹೀರಾತು ನೀಡಿ ಮಾನ್ಯತೆಯಿಲ್ಲದ ಪ್ರಮಾಣಪತ್ರ ಹಂಚುವ ಸಂಸ್ಥೆಗಳೂ ಇರುವುದರಿಂದ ಪಾಲಕರು ಕೆಲವು ಅಂಶಗಳನ್ನು ಗಮನಿಸಬೇಕು.

* ಐಟಿಐ ಆದರೆ ಸಂಸ್ಥೆಗೆ ಮಾತ್ರವಲ್ಲ, ಸೇರಬೇಕೆಂದಿರುವ ವೃತ್ತಿಗೂ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ ಮಾನ್ಯತೆ ಇದೆಯೇ? ಒಂದೇ ಸಂಸ್ಥೆಯಲ್ಲಿ ಒಂದು ವೃತ್ತಿಗೆ ಮಾನ್ಯತೆಯಿದ್ದು ಇನ್ನೊಂದಕ್ಕೆ ಇಲ್ಲದಿರಬಹುದು.
* ಡಿಪ್ಲೊಮಾ ಆದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಅನುಮೋದನೆ ಚಾಲ್ತಿಯಲ್ಲಿದೆಯೇ?
* ಕಾರ್ಯಾಗಾರದಲ್ಲಿ ಯಂತ್ರಗಳು ಓಡುವ ಸ್ಥಿತಿಯಲ್ಲಿವೆಯೇ? ಒಂದು ಯಂತ್ರಕ್ಕೆ ಎಷ್ಟು ವಿದ್ಯಾರ್ಥಿಗಳು? ಇದನ್ನು ಕಣ್ಣಾರೆ ನೋಡಿಯೇ ತಿಳಿಯಬೇಕು.
* ಹಿಂದಿನ ಎರಡು ವರ್ಷ ಮುಗಿಸಿದವರು ಎಲ್ಲಿದ್ದಾರೆ? ಸಂಸ್ಥೆ ಹೇಳುವ ಅಂಕಿಗಿಂತ ಹಳೆಯ ವಿದ್ಯಾರ್ಥಿಯೊಬ್ಬನ ಮಾತು ಹೆಚ್ಚು ನಂಬಲರ್ಹ.
* ಈ ಕೋರ್ಸಿನ ನಂತರ ಮುಂದಿನ ಓದಿಗೆ ಯಾವ ದಾರಿಯಿದೆ? ದಾರಿಯಿಲ್ಲದ ಕೋರ್ಸು ಎಷ್ಟೇ ಅಗ್ಗವಾದರೂ ದುಬಾರಿಯೇ.
* ಮಗುವಿಗೆ ಆ ಕೆಲಸದಲ್ಲಿ ಆಸಕ್ತಿಯಿದೆಯೇ? ಒಂದು ದಿನ ಗ್ಯಾರೇಜಿನಲ್ಲೋ ಕಾರ್ಯಾಗಾರದಲ್ಲೋ ನಿಂತು ನೋಡಿದರೆ ಇದು ತಿಳಿಯುತ್ತದೆ.

ಸರ್ಕಾರಿ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳಲ್ಲಿ ಶುಲ್ಕ ಖಾಸಗಿಗಿಂತ ಬಹಳ ಕಡಿಮೆ. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಹಾಗೂ ವಿದ್ಯಾರ್ಥಿನಿಲಯ ಸೌಲಭ್ಯಗಳು ಈ ಕೋರ್ಸುಗಳಿಗೂ ಅನ್ವಯಿಸುತ್ತವೆ. ಹಾಗಾಗಿ ಹಣದ ಅಡಚಣೆಯೊಂದೇ ಕಾರಣಕ್ಕೆ ಓದು ನಿಲ್ಲಿಸುವ ಮುನ್ನ ಹತ್ತಿರದ ಸರ್ಕಾರಿ ಸಂಸ್ಥೆಯಲ್ಲಿ ಒಮ್ಮೆ ವಿಚಾರಿಸುವುದು ಸೂಕ್ತ.

ಮನೆಯ ವೈರಿಂಗ್ ಕೆಟ್ಟಾಗ, ಕಾರು ರಸ್ತೆಯಲ್ಲಿ ನಿಂತಾಗ ನುರಿತ ಕೈಯೊಂದು ಸಿಗದೆ ಪರದಾಡುವ ನಗರವಾಸಿಗಳೇ, ತಮ್ಮ ಮಕ್ಕಳು ಆ ಕೆಲಸ ಕಲಿಯುತ್ತೇನೆಂದರೆ ಮುಖ ಸಿಂಡರಿಸುತ್ತಾರೆ. ನೂರು ವರ್ಷಗಳಿಂದ ಆಯೋಗಗಳು ಬರೆದ ಶಿಫಾರಸುಗಳು ಕಾಗದದಲ್ಲೇ ಉಳಿಯಲು ಸರ್ಕಾರದ ಅನಾಸ್ಥೆ ಎಷ್ಟು ಕಾರಣವೋ ಸಮಾಜದ ಈ ದೃಷ್ಟಿಯೂ ಅಷ್ಟೇ ಕಾರಣ. ಮುಂದಿನ ಫಲಿತಾಂಶದ ದಿನ, ಕಡಿಮೆ ಅಂಕ ಬಂದ ಮಗುವಿನ ಮುಂದೆ ಐಟಿಐ ಎಂಬ ಹೆಸರು ಬೆದರಿಕೆಯಾಗಿ ಬಾರದೆ, ಹೆಚ್ಚು ಅಂಕ ಬಂದ ಮಗುವಿನ ಮುಂದೆಯೂ ಒಂದು ಆಯ್ಕೆಯಾಗಿ ಬಂದರೆ, ಬದಲಾವಣೆ ಅಲ್ಲಿಂದಲೇ ಆರಂಭವಾದೀತು.